ಬಸಲಿಂಗಯ್ಯ ಮಾಸ್ತರರು ನೋಡದ ನುಂಗಾಟ

ಹಳಿಯಾಳದ ಕಡೆಯ ಹಳ್ಳಿಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದ ಬಸಲಿಂಗಯ್ಯ ಮಾಸ್ತರರು ಇಪ್ಪತ್ತೆರಡು ವರ್ಷ ಒಂದೇ ಮಾತನ್ನು ಒಂದೇ ಠೀವಿಯಲ್ಲಿ ಹೇಳಿದ್ದರು: ಇಂಗಾಲದ ಡೈಆಕ್ಸೈಡು ಬೆಳಕನ್ನು ಹಾಯಗೊಡುತ್ತದೆ, ಶಾಖದ ಕಿರಣವನ್ನು ನುಂಗುತ್ತದೆ. 2008ರ ಮಳೆಗಾಲದಲ್ಲಿ ಒಂಬತ್ತನೆಯ ಇಯತ್ತೆಯ ತುಳಜಾ ಎದ್ದು ನಿಂತು, "ನೀವು ನೋಡೀರೇನ್ರಿ ಸರ?" ಎಂದು ಕೇಳಿಬಿಟ್ಟಳು.

ನೋಡಿರಲಿಲ್ಲ. ಆದರೆ ಹಾಗೆಂದು ಒಪ್ಪಿಕೊಳ್ಳುವುದು ಅವರ ಅಂಗಿಯ ಇಸ್ತ್ರಿಗೆ ಒಗ್ಗುವ ಕೆಲಸವಲ್ಲ. ಅಂದಿನಿಂದ ಕೂತಲ್ಲಿ ಕೂರಲಿಲ್ಲ.

ಹಳೆಯ ಶಿಷ್ಯ ಉದಯಕುಮಾರ ಶಾಖ ಕಾಣುವ ಕ್ಯಾಮೆರಾ ಹೊತ್ತು ಕಾರ್ಖಾನೆಗಳನ್ನು ತಪಾಸಣೆ ಮಾಡುತ್ತಿದ್ದ. ಫೋನಿನ ಮೇಲೆ ಫೋನು ಹೋಯಿತು. ದಾಂಡೇಲಿಯ ಕೆಲಸ ಮುಗಿಸಿ ಬಂದವನೇ ಹೇಳಿದ: "ಒಂದ ತಾಸು ಅಷ್ಟರೀ ಸರ, ಬಸ್ ಹಿಡೀಬೇಕು. ಈ ಗ್ಯಾಸು ನುಂಗೂ ಕಿರಣ ಅಷ್ಟ ಕಾಣೂ ಹಂಗ ಫಿಲ್ಟರ್ ಹಾಕೇನಿ."

ಸೋಡಾ ಅಂಗಡಿಯ ಚನಬಸಪ್ಪ ಸೋಡಾಕ್ಕೆ ತುಂಬುವ ಇದೇ ಗ್ಯಾಸಿನ ಸಿಲಿಂಡರನ್ನು ಸೈಕಲ್ಲಿನ ಮೇಲೆ ತಂದಿಳಿಸಿದ. ಮಾಸ್ತರರು ಮೊಳದುದ್ದದ ಪೈಪಿನ ಎರಡೂ ಬಾಯಿಗೆ ಗಾಜು ಅಂಟಿಸಿದ್ದರು. ಬೆಳಗಿನಿಂದ ಅದನ್ನು ಹನ್ನೊಂದು ಸಲ ಒರೆಸಿದ್ದರು. ಮೇಣಬತ್ತಿ ಹಚ್ಚಿ, ಪೈಪನ್ನು ಬತ್ತಿಗೂ ಕ್ಯಾಮೆರಾಕ್ಕೂ ನಡುವೆ ಹಿಡಿದರು. ಕ್ಯಾಮೆರಾದ ಪರದೆಯ ಮೇಲೆ ಬೆಳ್ಳಗೆ ಉರಿಯುತ್ತಿದ್ದ ಜ್ವಾಲೆ ಮಾಯವಾಯಿತೆಂದು ಹುಡುಗರು ಕೂಗಿದರು.

"ನುಂಗಿತು ನೋಡ್ರಿ!" ಮಾಸ್ತರರ ಎದೆ ಒಂದು ಗೇಣು ಉಬ್ಬಿತು.

"ನಾ ಇನ್ನೂ ಗ್ಯಾಸ ಬಿಟ್ಟಿಲ್ರಿ ಮಾಸ್ತರ," ಎಂದ ಚನಬಸಪ್ಪ.

ತರಗತಿ ನಗೆಯಲ್ಲಿ ಮುಳುಗಿತು. ಉದಯಕುಮಾರ ಮೆಲ್ಲಗೆ, "ಗಾಜ ತಗೀರಿ ಸರ. ನಮ್ಮ ಕಣ್ಣಿಗೆ ಕಿಟಕಿ, ಈ ಕಿರಣಕ್ಕ ಗ್ವಾಡಿ," ಎಂದ. ತುಳಜಾ ಮಳೆಗೆಂದು ಪುಸ್ತಕಕ್ಕೆ ಸುತ್ತಿದ್ದ ತೆಳು ಪ್ಲಾಸ್ಟಿಕ್ಕನ್ನು ಹರಿದು ಕೊಟ್ಟಳು. ಅದನ್ನೇ ಎರಡೂ ಬಾಯಿಗೆ ಬಿಗಿದರು. ಜ್ವಾಲೆ ಮತ್ತೆ ಕಂಡಿತು. ಚನಬಸಪ್ಪ ತಿರುಪು ತಿರುಗಿಸಿದ. ಪೈಪಿನ ಪಕ್ಕದ ತೂತಿನಿಂದ ಗ್ಯಾಸು ಒಳಗೆ ಹೋಯಿತು.

"ಮಂಕಾತು! ಮಂಕಾತು!"

ಪೈಪು ಹಿಡಿದು ಕ್ಯಾಮೆರಾದ ಎದುರಿಗೆ ನಿಂತ ಮಾಸ್ತರರಿಗೆ ಪರದೆಯ ಬೆನ್ನಷ್ಟೇ ಕಂಡಿತು. "ಪರದೆ ಈ ಕಡೆ ಹೊರಳಸೋ ಉದಯ!"

"ಹೊರಳಿಸಿದ್ರ ಕ್ಯಾಮೆರಾನೂ ಹೊರಳತೈತ್ರಿ, ಬತ್ತಿ ಕಾಣೂದಿಲ್ರಿ."

ಇಷ್ಟು ವರ್ಷ ಮಕ್ಕಳಿಗೆ ಒಂದು ಬೀಕರನ್ನೂ ಮುಟ್ಟಗೊಡದ ಮನುಷ್ಯ ಪೈಪನ್ನು ತುಳಜಾಳ ಕೈಗಿಟ್ಟು ಈಚೆ ಓಡಿದರು.

"ಪಾಳಿ ಹಚ್ಚರಿ ಸರ!" ಹಿಂದಿನಿಂದ ಯಾರೋ ಅಂದರು.

ಮಾಸ್ತರರು ಹುಡುಗರ ಸಾಲಿನ ಕೊನೆಗೆ ನಿಂತು ಪಾಳಿ ಹಚ್ಚಿದರು. ಒಮ್ಮೆ ಈ ಕಾಲ ಮೇಲೆ, ಒಮ್ಮೆ ಆ ಕಾಲ ಮೇಲೆ ನಿಂತು, ಕೊನೆಗೆ ಪರದೆಯ ಮುಂದೆ ಬಗ್ಗಿದರು. ಚನಬಸಪ್ಪ ಪೈಪಿನ ಹಳೆಯ ಗ್ಯಾಸು ಹೊರಹಾಕಿ ಹೊಸದು ಬಿಟ್ಟ. ಬಿಳಿ ಜ್ವಾಲೆ ಬೂದಿಬಣ್ಣಕ್ಕೆ ಇಳಿಯಿತು. ಪರದೆಯಾಚೆ ಬರಿಗಣ್ಣಿಗೆ ಬತ್ತಿ ಮೊದಲಿನಂತೆಯೇ ಉರಿಯುತ್ತಿತ್ತು.

ವ್ಯಾಖ್ಯಾನಕ್ಕೆಂದು ಬಾಯಿ ತೆರೆದರು.

"ಚನಬಸಪ್ಪ, ಇನ್ನೊಮ್ಮೆ ಬಿಡೋ."