ತಂಗಿಯ ಹೆರಿಗೆಯಲ್ಲಿ ನನಗೆ ಬಂದ ಹಾಲು

ಹೆರದವಳ ಎದೆಯಲ್ಲಿ ಹಾಲು ಬಂದ ಕಥೆಗಳನ್ನು ನಾನು ನಂಬುತ್ತಿರಲಿಲ್ಲ. ಯಾರೋ ತಮ್ಮ ಗುಟ್ಟು ಮುಚ್ಚಿಕೊಳ್ಳಲು ಕಟ್ಟಿದ ಮಾತು ಎಂದುಕೊಂಡಿದ್ದೆ. ಆಮೇಲೆ ಅದು ನನಗೇ ಆಯಿತು. ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಹೊನ್ನಾವರದಲ್ಲಿ ಶರಾವತಿಗೆ ಇನ್ನೂ ಸೇತುವೆ ಆಗಿರದ ಕಾಲ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡ ನಾನು ಭಟ್ಕಳದ ತವರಿನಲ್ಲಿ ಹೊಲಿಗೆ ಮಾಡಿಕೊಂಡಿದ್ದೆ. ದಿನ ತುಂಬಿದ ತಂಗಿ ಸಾವಿತ್ರಿಯನ್ನು ಕುಮಟೆಯ ಆಸ್ಪತ್ರೆಗೆ ಕರೆದೊಯ್ಯುವಾಗ, ಹೊಳೆಯ ನಡುವೆ ಲಾಂಚಿನಲ್ಲೇ ಅವಳ ಗರ್ಭದ ನೀರಿನ ಚೀಲ ಒಡೆಯಿತು. ಸುತ್ತ ಗಂಡಸರು. ಅವಳನ್ನು ಮಡಿಲಿಗೆ ಎಳೆದುಕೊಂಡು ಸೆರಗು ಹೊದಿಸಿದೆ. ಬೆಚ್ಚಗಿನ ನೀರು ನನ್ನ ಸೀರೆಯನ್ನೂ ತೋಯಿಸಿತು.

ಆಸ್ಪತ್ರೆ ತಲುಪಿದ ಮೇಲೆ ಹೆಣ್ಣು ಮಗು ಹುಟ್ಟಿತು. ಸಾವಿತ್ರಿಗೆ ಜ್ವರ ಏರಿ ಹಾಲು ಇಳಿಯಲಿಲ್ಲ. ಮರುದಿನ ಮಧ್ಯಾಹ್ನ, ಅತ್ತು ಅತ್ತು ದನಿ ಬತ್ತಿದ್ದ ಮಗುವನ್ನು ಎತ್ತಿಕೊಂಡಾಗ ನನ್ನ ರವಿಕೆ ಒದ್ದೆಯಾಯಿತು. ಬೆವರೆಂದುಕೊಂಡೆ. ಬಚ್ಚಲಿಗೆ ಹೋಗಿ ನೋಡಿದರೆ ಹಾಲು.

ವಿಧವೆಯ ಎದೆಯಲ್ಲಿ ಹಾಲು ಕಂಡರೆ ಊರು ಏನನ್ನುತ್ತದೆ? ಬಟ್ಟೆಯನ್ನು ಬಿಗಿಯಾಗಿ ಸುತ್ತಿಕೊಂಡು ಹೊರಬಂದೆ. ಮಗು ಕುಂಯ್‌ಗುಟ್ಟಿದರೆ ಸಾಕು, ಆ ಬಟ್ಟೆಯೂ ನೆನೆಯುತ್ತಿತ್ತು. ಸಾವಿತ್ರಿ ನೋಡಿಬಿಟ್ಟಳು.

"ಎಂತ ಆತು ಅಕ್ಕ?"

"ದೇವರಾಣೆ, ನಂಗೆಂತದೂ ಗೊತ್ತಿಲ್ಲ. ನಾ ಎಂತ ತಪ್ಪೂ ಮಾಡ್ಲಿಲ್ಲ," ಎನ್ನುತ್ತ ಅಳತೊಡಗಿದೆ.

ಅವಳು ನಂಬಿದಳೋ ಇಲ್ಲವೋ, ಇವತ್ತಿಗೂ ತಿಳಿಯದು. "ಪರದೆ ಎಳ್ಕೋ. ಮೊದ್ಲು ಕೂಸಿಗೆ ಕೊಡು," ಎಂದಳು.

ಕೊಟ್ಟೆ. ಮಗು ಗಟಗಟನೆ ಕುಡಿಯಿತು. ಪರದೆಯಾಚೆ ನರ್ಸಿನ ಚಪ್ಪಲಿ ಸದ್ದಾದಾಗಲೆಲ್ಲ ಕಳ್ಳಿಯಂತೆ ಬೆದರುತ್ತಿದ್ದೆ. ಸಾವಿತ್ರಿಯ ಜ್ವರ ಬಿಟ್ಟು ಅವಳಿಗೆ ಹಾಲು ಬಂದ ದಿನ ನನ್ನದು ನಿಂತಿತು. ನಾವಿಬ್ಬರೂ ಆ ಮಾತು ಮತ್ತೆ ಎತ್ತಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಪರಿಚಯದ ಡಾಕ್ಟರಮ್ಮ ಒಬ್ಬರಲ್ಲಿ ಬೇರೆ ಯಾರದೋ ಸುದ್ದಿ ಎಂಬಂತೆ, ಹೆರಿಗೆಯ ನೀರು ತಾಗಿ ಹಾಲು ಬರಬಹುದೇ ಎಂದು ಕೇಳಿದೆ. ಗರ್ಭದ ನೀರಿನಲ್ಲಿ ಹಲವು ಹಾರ್ಮೋನುಗಳಿರುತ್ತವೆ, ಹಾಲು ತರಿಸುವ ಹಾರ್ಮೋನು ಕೂಡ ಇರುತ್ತದೆ, ಆದರೆ ಆ ನೀರು ಮೈಗೆ ತಾಗಿದ ಮಾತ್ರಕ್ಕೆ ಯಾರಿಗೂ ಹಾಲು ಬರುವುದಿಲ್ಲ ಎಂದರು. ಮಗು ಅಳುವುದನ್ನು ಕೇಳಿ ಬರಬಹುದೇ ಎಂದೆ.

"ಮೊದಲು ಹಡೆದವರಿಗಾದರೆ ಕೆಲವೊಮ್ಮೆ ಬರಬಹುದು. ಅವರು ಹಡೆದಿದ್ರಾ?"

"ಇಲ್ಲ," ಎಂದೆ.

"ಅವರು ಹಾಗೆ ಹೇಳಿದ್ರಾ?" ಎಂದು ಕೇಳಿದರು. ಇಂಥ ಕಥೆ ಕೇಳಿದಾಗ ಒಂದು ಕಾಲಕ್ಕೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ.