ಅರ್ಧ ಲೋಟದ ಉದಾಹರಣೆ

ನಿಘಂಟು ಕಚೇರಿಯಲ್ಲಿ ಅವಳಿಗೆ ಚೀಟಿ ಮೇಡಂ ಎಂದೇ ಹೆಸರು. ಇಪ್ಪತ್ತೆರಡು ವರ್ಷದಿಂದ ಒಂದೊಂದು ಇಂಗ್ಲಿಷ್ ಪದಕ್ಕೆ ಒಂದೊಂದು ಚೀಟಿ ಬರೆದು ಬರೆದು ಬೆನ್ನು ಬಾಗಿದೆ. ಪದಗಳು ಮಾತ್ರ ಮುಗಿಯುವ ಲಕ್ಷಣವಿಲ್ಲ. ಆ ದಿನ ಅವಳ ಪಾಲಿಗೆ ಬಂದದ್ದು ‘ರಿಸ್ಟ್ರಿಕ್ಟ್’. ಅರ್ಥ ಬರೆಯುವುದೇನೂ ಕಷ್ಟವಾಗಲಿಲ್ಲ: ಪೂರ್ತಿ ನಿಲ್ಲಿಸುವುದಲ್ಲ, ಇಷ್ಟೇ, ಇದಕ್ಕಿಂತ ಹೆಚ್ಚಿಲ್ಲ ಎಂದು ಮಿತಿ ಹಾಕುವುದು. ವೇಗಕ್ಕೆ ಹಾಕಬಹುದು, ಪ್ರವೇಶಕ್ಕೆ ಹಾಕಬಹುದು, ತನಗೆ ತಾನೇ ಹಾಕಿಕೊಳ್ಳಬಹುದು. ಜೀವ ಹಿಂಡುವುದು ಉದಾಹರಣೆ. ಕುರ್ಚಿಯಲ್ಲಿ ಕೂತು ಹೊಸೆದ ವಾಕ್ಯ ನಡೆಯದು, ನಿಜವಾಗಿ ನಡೆದದ್ದೇ ಆಗಬೇಕು, ಸಂಬಂಧಪಟ್ಟವರ ಒಪ್ಪಿಗೆಯೂ ಬೇಕು ಎಂಬುದು ಸಂಪಾದಕರ ಹಠ. ಅವರಿಗೇನು, ಹಠ ಹಿಡಿಯುವುದಕ್ಕೆ ಬೆನ್ನು ಬಾಗಬೇಕಿಲ್ಲ.

ಮನೆಯಲ್ಲಿ ಅಮ್ಮ. ಮೂವತ್ತು ವರ್ಷ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ಟೀಚರು. ಮಗಳು ಚಪ್ಪಲಿ ಬಿಡುವ ಮೊದಲೇ ಇವತ್ತು ಯಾವ ಪದ ಎಂದು ಕೇಳುತ್ತಿದ್ದವಳು ಒಂಬತ್ತು ದಿನದಿಂದ ಅವಳ ಜೊತೆ ಮಾತು ಬಿಟ್ಟು ಮುಖ ಊದಿಸಿಕೊಂಡು ಕೂತಿದ್ದಾಳೆ. ಮೂತ್ರಪಿಂಡ ಸೋತಿದೆ, ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಕೂಡದು ಎಂದದ್ದು ಡಾಕ್ಟರು. ಅಳೆದು ಕೊಡುವ ಪಾಪ ಕಟ್ಟಿಕೊಂಡವಳು ಮಗಳು. ಡಾಕ್ಟರ ಜೊತೆ ಅಮ್ಮ ಚೆನ್ನಾಗಿಯೇ ನಗುತ್ತಾಳೆ ಬಿಡಿ.

ಅಳತೆ ತಪ್ಪದಿರಲೆಂದು ಮಗಳು ಕೊಟ್ಟ ನೀರನ್ನೆಲ್ಲ ಕಚೇರಿಯ ಚೀಟಿಗಳ ಮೇಲೇ ಬರೆದಿಡುತ್ತಿದ್ದಳು. ಸುಸ್ತಾದ ಕಣ್ಣಿಗೆ ಯಾವ ಚೀಟಿ ಯಾವುದೆಂದು ತಿಳಿಯಲಿಲ್ಲ. ‘ರಿಸ್ಟ್ರಿಕ್ಟ್’ ಚೀಟಿಯ ಜೊತೆ ಮೊದಲ ದಿನದ ನೀರಿನ ಚೀಟಿಯೂ ಸಂಪಾದಕರ ಟ್ರೇಗೆ ಹೋಯಿತು. ‘ಸಂಜೆ ಇನ್ನೂರು ಮಿಲಿ. ಅಮ್ಮ ಇನ್ನರ್ಧ ಲೋಟ ಕೇಳಿದಳು, ಕೊಡಲಿಲ್ಲ.’ ಸಂಪಾದಕರು ಹಸಿರು ಶಾಯಿಯಲ್ಲಿ ಸರಿ ಎಂದು ಗುರುತು ಹಾಕಿ, ಇದೇ ಇರಲಿ, ನಿಮ್ಮ ತಾಯಿಯವರನ್ನು ಒಂದು ಮಾತು ಕೇಳಿ ಬನ್ನಿ ಎಂದರು. ನೆಲ ಬಾಯಿಬಿಡಬಾರದೇ ಎನ್ನಿಸಿತು ಅವಳಿಗೆ.

ಸಂಜೆ ಚೀಟಿಯನ್ನು ಅಮ್ಮನ ಕೈಗಿಟ್ಟು ವಿಷಯ ಹೇಳಿದಳು. ಹರಿದು ಹಾಕಿದರೂ ಸರಿ, ಒಂದು ಮಾತಾಡಿದರೆ ಸಾಕು ಎನ್ನುವಷ್ಟು ದಣಿದಿದ್ದಳು. ಅಮ್ಮ ಕನ್ನಡಕ ಏರಿಸಿಕೊಂಡು, ಹಳೇ ಟೀಚರ ಗತ್ತಿನಲ್ಲಿ ಎರಡು ಸಲ ಓದಿದಳು.

“ಅಚ್ಚು ಹಾಕ್ಸು. ಆದ್ರೆ ಅರ್ಧ ಮಾತ್ರ ಬರ್ದಿದ್ದೀಯ.”

“ಇನ್ನೇನಮ್ಮ ಬರೀಬೇಕು?”

“ಒಂಬತ್ತು ದಿನ ಆಯ್ತು, ನೀನೂ ನನ್ನೆದುರು ಒಂದು ತೊಟ್ಟು ನೀರು ಕುಡ್ದಿಲ್ಲ. ನಂಗೆ ಕಾಣಲ್ಲ ಅಂದ್ಕೊಂಡ್ಯಾ?”

ಮಗಳಿಗೆ ದುಃಖ ಒತ್ತರಿಸಿ ಬಂತು. ನಿಜ, ಅಮ್ಮನ ಒಣಗಿದ ತುಟಿಯ ಮುಂದೆ ಅವಳ ಗಂಟಲಲ್ಲಿ ನೀರು ಇಳಿಯುತ್ತಿರಲಿಲ್ಲ. ಬಚ್ಚಲುಮನೆಯ ನಲ್ಲಿಗೆ ಹೋಗಿ ಕದ್ದು ಕುಡಿಯುತ್ತಿದ್ದಳು.

ಅಮ್ಮ ಗೋಡೆ ಹಿಡಿದು ಎದ್ದು, ಅಡುಗೆಮನೆಯಿಂದ ದೊಡ್ಡ ಲೋಟದ ತುಂಬ ನೀರು ತಂದಳು. ತಾನೇ ಕುಡಿದುಬಿಡುತ್ತಾಳೇನೋ ಎಂದು ಮಗಳ ಕೈ ಮುಂದಾಯಿತು. ಅಮ್ಮ ಲೋಟವನ್ನು ಆ ಕೈಗೇ ಕೊಟ್ಟು, ಎದುರಿಗೆ ಕೂತು, ಅವಳು ಕುಡಿದು ಮುಗಿಸುವವರೆಗೂ ನೋಡುತ್ತಿದ್ದಳು.