ಅತ್ತೆಗೆ ಮೀಸೆ ಬಂದ ತೊಟ್ಟಿ

ಆ ಬೀದಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಬಣ್ಣದ ಮೀನಿನ ಅಂಗಡಿಯ ಯಜಮಾನರ ಮಗಳನ್ನು ಮದುವೆಯಾಗಿ, ಅಂಗಡಿಯ ಮೇಲಿನ ಮನೆಯಲ್ಲೇ ಉಳಿದುಕೊಂಡಂದಿನಿಂದ ಅವನು ಊರಿಗೆಲ್ಲ ಅಳಿಯಂದಿರು. ಪೋಸ್ಟ್‌ಮ್ಯಾನಿಗೂ ಅಳಿಯಂದಿರು, ಎದುರಿನ ಗಡಿಯಾರ ರಿಪೇರಿಯವನಿಗೂ ಅಳಿಯಂದಿರು. ಬೆನ್ನ ಹಿಂದೆ ‘ಅಳಿಯ ಮನೆ ತೊಳಿಯ’ ಎಂದು ನಗುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮನೆಯ ಬದಲು ಗಾಜಿನ ತೊಟ್ಟಿ ತೊಳೆಯುತ್ತಿದ್ದ, ಅಷ್ಟೇ. ದಿನವಿಡೀ ಮೊಣಕೈವರೆಗೆ ಉಪ್ಪುನೀರಿನಲ್ಲಿ ಮುಳುಗಿರುತ್ತಿದ್ದ ಅವನ ಬೆರಳುಗಳು ಸಂಜೆಯ ಹೊತ್ತಿಗೆ ಸುಕ್ಕುಗಟ್ಟಿ, ಅವನಿಗಿಂತ ಮೂವತ್ತು ವರ್ಷ ದೊಡ್ಡವರ ಬೆರಳಂತೆ ಕಾಣುತ್ತಿದ್ದವು.

ಅವನಿಗಿದ್ದದ್ದು ಒಂದೇ ಆಸೆ: ಗಲ್ಲಾದ ಹಿಂದಿನ ಮಾವನ ತಿರುಗುವ ಕುರ್ಚಿ. ರೆಕ್ಸಿನ್ ಹರಿದು ಸ್ಪಂಜು ಇಣುಕುತ್ತಿದ್ದ, ಎಡಕ್ಕೆ ತಿರುಗಿದರೆ ಕಿರ್ರೆನ್ನುತ್ತಿದ್ದ ದರಿದ್ರ ಕುರ್ಚಿ ಅದು. ಆದರೆ ಅದರಲ್ಲಿ ಕೂತವರನ್ನು ಗಿರಾಕಿಗಳು ‘ಯಜಮಾನ್ರೇ’ ಎನ್ನುತ್ತಿದ್ದರು. ಆ ಮಾತು ಒಂದು ಸಲ ತನ್ನ ಕಡೆ ತಿರುಗಿದರೆ ಸಾಕು, ಈ ಜನ್ಮಕ್ಕೆ ಬೇರೇನೂ ಬೇಡ ಅಂತ ಅವನು ಇಪ್ಪತ್ತು ವರ್ಷದಿಂದ ಕಾಯುತ್ತಿದ್ದ.

ಮಾವ ವಿಚಿತ್ರ ಮನುಷ್ಯರು. ಒಂದು ಮೀನು ಕೇಳಿ ಬಂದವರಿಗೆ ಇಡೀ ಸಮುದ್ರವನ್ನೇ ಕಟ್ಟಿಕೊಡುತ್ತಿದ್ದರು. “ಆಕ್ಟೋಪಸ್‌ಗೆ ಮೂರು ಹೃದಯ ರೀ, ಒಂದು ಒಡೆದ್ರೂ ಇನ್ನೆರಡು ಇರುತ್ತೆ ಅನ್ನೋ ಧೈರ್ಯ ಬೇಡ, ಮೂರೂ ಬೇಕದಕ್ಕೆ” ಎನ್ನುವರು. “ನಕ್ಷತ್ರಮೀನಿಗೆ ಮಿದುಳೇ ಇಲ್ಲ, ಆದ್ರೂ ನಮಗಿಂತ ಚೆನ್ನಾಗಿ ಬಾಳತ್ತೆ” ಎನ್ನುವರು. “ಕಡಲಕುದುರೇಲಿ ಹೆರೋದು ಗಂಡು” ಎಂದು ಹೇಳಿ ಗಿರಾಕಿಯ ಹೆಂಡತಿಯ ಮುಖ ಅರಳುವುದನ್ನು ನೋಡುವರು. ಅಳಿಯನಿಗೆ ಇದರಲ್ಲಿ ಒಂದು ಅಕ್ಷರವೂ ನಂಬಿಕೆಯಿಲ್ಲ. ಅವನ ಬಳಿ ಎಲ್ಲದಕ್ಕೂ ಒಂದೇ ಮದ್ದು: “ಅತ್ತೆಗೆ ಮೀಸೆ ಬಂದ್ರೆ ಮಾವ ಅನ್ನಬಹುದು.” ಹೆಂಡತಿ “ರಜೆ ಸಿಕ್ಕಿದ್ರೆ ಒಂದ್ಸಲ ಸಮುದ್ರ ನೋಡ್ಕೊಂಡು ಬರೋಣ ರೀ” ಅಂದರೂ ಅದೇ ಗಾದೆ. ಸ್ವಂತ ಅತ್ತೆ ಎರಡು ಮಾರು ದೂರದಲ್ಲಿ ಡ್ರಮ್ಮಿಗೆ ಉಪ್ಪು ಬೆರೆಸುತ್ತ ನಿಂತಿದ್ದರೂ ಅದೇ ಗಾದೆ. ಅತ್ತೆ ಕೇಳಿಸಿಕೊಂಡೇ ಉಪ್ಪು ಕದಡುತ್ತಿದ್ದರು.

ಒಂದು ದಿನ ಅವನ ಹೆಂಡತಿ ಅಪ್ಪನನ್ನು ಕೇಳಿಯೇಬಿಟ್ಟಳು: “ಅಪ್ಪಾ, ನಿಮ್ಮ ನಂತರ ಅಂಗಡಿ ಯಾರದು?”

ಮಾವ ಕುರ್ಚಿಯನ್ನು ಕಿರ್ರೆಂದು ದೊಡ್ಡ ತೊಟ್ಟಿಯ ಕಡೆ ತಿರುಗಿಸಿದರು. ಅದರಲ್ಲಿ ಬೆರಳುದ್ದದ ಪಟ್ಟೆಮೀನುಗಳಿದ್ದವು. ದೊಡ್ಡ ಮೀನುಗಳ ಮೈಗಂಟಿದ ಹುಳ ತಿಂದು ಚೊಕ್ಕಟ ಮಾಡುವುದು ಅವುಗಳ ಕಸುಬು. ಅದಕ್ಕೇ ಮಾವ ಅವಕ್ಕೆ ಚೊಕ್ಕಮೀನು ಎಂದು ಹೆಸರಿಟ್ಟಿದ್ದರು. ಒಂದು ಗಂಡು, ಅದೇ ಯಜಮಾನ; ಮಿಕ್ಕವೆಲ್ಲ ಹೆಣ್ಣು.

“ಆ ಯಜಮಾನ ಸತ್ತ ಮೇಲೆ ಅಲ್ಲಿ ಯಾರು ಯಜಮಾನ್ರಾಗ್ತಾರೋ, ಇಲ್ಲೂ ಅದೇ ನ್ಯಾಯ” ಅಂದರು ಮಾವ.

ಅಳಿಯ ಒಳಗೊಳಗೇ ಕುಣಿದ. ತೊಟ್ಟಿಯಲ್ಲಿ ಇನ್ನೊಂದು ಗಂಡಿಲ್ಲ, ಹೊರಗಿನಿಂದಲೇ ತರಬೇಕು. ಈ ಮನೆಗೆ ಹೊರಗಿನಿಂದ ತಂದ ಗಂಡು ತಾನಲ್ಲದೆ ಇನ್ಯಾರು? ಅಂದಿನಿಂದ ಮೊದಲು ತೊಳೆಯುವ ತೊಟ್ಟಿ ಅದೇ ಆಯಿತು.

ಮಾವ ಕುರ್ಚಿಯಲ್ಲೇ ಹೋದರು, ಅದೂ ಮಾತಿನ ನಡುವೆ. “ಕಡಲಸೌತೆ ಅಂತ ಒಂದು ಪ್ರಾಣಿ ಇದೆ, ಹೆದರಿಸಿದ್ರೆ ತನ್ನ ಕರುಳನ್ನೇ ಹೊರಗೆ...” ಎಂದವರ ಮಾತು ಅಲ್ಲಿಗೇ ನಿಂತಿತು. ಮುಂದೇನಾಯಿತೋ ಎಂದು ಗಿರಾಕಿ ಬಹಳ ಹೊತ್ತು ಬಾಯಿ ತೆರೆದುಕೊಂಡು ಕಾದನಂತೆ. ಅಳಿಯ ನಿಜಕ್ಕೂ ಅತ್ತ. ಕುರ್ಚಿಯ ಮೇಲೆ ಆಸೆಯಿತ್ತೇ ಹೊರತು ಮಾವನ ಮೇಲೆ ಸಿಟ್ಟಿರಲಿಲ್ಲ.

ಖಾಲಿ ಕುರ್ಚಿಗೆ ಧೂಳು ಹಿಡಿಯಿತು. ಯಾರೂ ಕೂರಲಿಲ್ಲ. ನ್ಯಾಯವೆಂದರೆ ನ್ಯಾಯ, ತೊಟ್ಟಿಯ ಗಂಡು ಇನ್ನೂ ಬದುಕಿತ್ತು. ಕೊನೆಗೊಂದು ಬೆಳಗ್ಗೆ ಅದೂ ಹೊಟ್ಟೆ ಮೇಲಾಗಿ ತೇಲಿತು. ಅಳಿಯ ಮುಖವನ್ನು ಕಷ್ಟಪಟ್ಟು ಸಪ್ಪೆ ಮಾಡಿಕೊಂಡು, ಪ್ಲಾಸ್ಟಿಕ್ ಚೀಲ ಹಿಡಿದು, ಪಕ್ಕದ ಊರಿನ ಸಗಟು ವ್ಯಾಪಾರಿಯ ಹತ್ತಿರ ಹೊಸ ಗಂಡು ತರಲು ಬಸ್ಸು ಹತ್ತಿದ. ವಾಪಸು ಬರುವಾಗ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಜೊತೆ ಮಾತಾಡಿದ. ಪಕ್ಕದಲ್ಲಿ ಕೂತಿದ್ದವರು ಎದ್ದು ಬೇರೆ ಸೀಟಿಗೆ ಹೋದರು.

ಅಂಗಡಿಗೆ ಬಂದು ನೋಡಿದರೆ ಕುರ್ಚಿಯಲ್ಲಿ ಅತ್ತೆ!

“ನೀವು ಹೋಗಿ ಒಂದು ಗಂಟೆನೂ ಆಗಿರ್ಲಿಲ್ಲ ರೀ” ಅಂದಳು ಹೆಂಡತಿ. “ತೊಟ್ಟೀಲಿದ್ದ ದೊಡ್ಡ ಹೆಣ್ಣು ಇದ್ದಕ್ಕಿದ್ದಂತೆ ಗಂಡಿನ ಥರ ಗಸ್ತು ಶುರು ಮಾಡ್ತು. ಉಳಿದವನ್ನೆಲ್ಲ ಹೋಗಿ ಹೋಗಿ ವಿಚಾರಿಸ್ಕೊಂಡು ಬಂತು. ಅಮ್ಮ ನೋಡಿದ್ರು, ಕೈ ಒರೆಸ್ಕೊಂಡ್ರು, ಬಂದು ಕೂತ್ರು.”

“ಹೆಣ್ಣು ಹೇಗೆ ಯಜಮಾನ ಆಗತ್ತೆ? ಅತ್ತೆಗೆ ಮೀಸೆ...” ಎಂದವನು ನಾಲಿಗೆ ಕಚ್ಚಿಕೊಂಡ.

“ಹೇಳಿ ಅಳಿಯಂದ್ರೇ” ಅಂದರು ಅತ್ತೆ. “ಬಂದ್ರೆ?”

ಅಂಗಡಿಗೆ ಬರುತ್ತಿದ್ದ ಪ್ರಾಣಿಶಾಸ್ತ್ರದ ಮೇಡಂ ಒಬ್ಬರಿದ್ದರು. ಪಂಚಾಯಿತಿ ಅವರ ಹತ್ತಿರವೇ ಹೋಯಿತು. ಅವರು ಗಾಜಿಗೆ ಮೂಗು ತಾಗಿಸಿ ನೋಡಿ, “ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಗಂಡು ಸತ್ರೆ ಇರೋದ್ರಲ್ಲೇ ದೊಡ್ಡ ಹೆಣ್ಣು ಗಂಡಾಗತ್ತೆ. ಮೊದಲು ನಡತೆ ಬದಲಾಗತ್ತೆ, ಕೆಲವು ವಾರದಲ್ಲಿ ಒಳಗೂ ಪೂರ್ತಿ ಗಂಡೇ” ಎಂದು ಹೇಳಿ ಮೀನಿನ ಆಹಾರದ ಪೊಟ್ಟಣ ತಗೊಂಡು ಹೊರಟುಹೋದರು.

ಅಳಿಯ ಹಟ ಬಿಡಲಿಲ್ಲ. ಹೊರಗಿನ ಗಂಡನ್ನು ತೊಟ್ಟಿಗೆ ಬಿಟ್ಟ. ಹಿಂದಿನ ಹೆಣ್ಣು, ಇಂದಿನ ಯಜಮಾನ, ಅದನ್ನು ಅಟ್ಟಿಸಿಕೊಂಡು ಹೋಗಿ ಪಂಪಿನ ಪೈಪಿನ ಹಿಂದೆ ಕೂರಿಸಿತು. ಅಳಿಯ ದಿನಾ ಅದಕ್ಕೆ ಬೇರೆಯಾಗಿ ಆಹಾರ ಹಾಕಿ, ಗಾಜಿಗೆ ಬಾಯಿಟ್ಟು, “ಮಾನ ಕಳೀಬೇಡ್ವೋ, ಎದೆ ಉಬ್ಬಿಸು” ಎನ್ನುವನು. ಮೀನಿಗೆ ಎದೆ ಎಲ್ಲಿರುತ್ತದೆಂದು ಅವನೂ ಯೋಚಿಸಲಿಲ್ಲ, ಅದೂ ಯೋಚಿಸಲಿಲ್ಲ. ಹೀಗೇ ತಿಂಗಳೆರಡು ಕಳೆಯಿತು. ಒಂದು ದಿನ ಅದು ಪೈಪಿನ ಹಿಂದಿನಿಂದ ಹೊರಗೆ ಬಂತು. ಅಳಿಯನ ಎದೆಯೇ ಉಬ್ಬಿತು. ಅದು ಮೆಲ್ಲನೆ ಹೆಣ್ಣುಗಳ ಸಾಲಿಗೆ ಹೋಗಿ ಸೇರಿ, ಯಜಮಾನನ ಹಿಂದೆ ನಾಚಿಕೊಂಡು ಈಜತೊಡಗಿತು.

“ಓ, ಇದೂ ಆಗತ್ತೆ” ಅಂದರು ಮೇಡಂ. “ಇವೆಲ್ಲ ಶುರುವಿನಲ್ಲಿ ಹೆಣ್ಣೇ. ಸೋತ ಗಂಡು ಮತ್ತೆ ಹೆಣ್ಣಾಗತ್ತೆ.”

ಅಳಿಯ ತನಗೇ ಗೊತ್ತಿಲ್ಲದೆ ಮೀಸೆ ಮುಟ್ಟಿ ನೋಡಿಕೊಂಡ. ಇತ್ತು. ಆದರೆ ಸುದ್ದಿ ಆಗಲೇ ಬೀದಿ ದಾಟಿತ್ತು. “ಏನ್ರೀ, ಅಳಿಯ ಹೋಗಿ ಸೊಸೆ ಆಗ್ಬಿಟ್ರಂತೆ?” ಎಂದು ಗಡಿಯಾರದವನು ಎದುರಿನ ಅಂಗಡಿಯಿಂದಲೇ ಕೂಗಿದ. ಗಾಯದ ಮೇಲೆ ಬರೆ ಎಳೆದ ಹಾಗಾಯಿತು. ಅಳಿಯ ಬ್ರಷ್ಷನ್ನು ಬಕೆಟ್ಟಿಗೆ ಎಸೆದು ಸೀದಾ ಕುರ್ಚಿಯ ಮುಂದೆ ಹೋಗಿ ನಿಂತ.

“ಇಪ್ಪತ್ತು ವರ್ಷ ಕಾದೆ ಅತ್ತೆ. ಇಪ್ಪತ್ತು ವರ್ಷ. ಮಾವ ಮಾತಿಗೆ ಏನೋ ಹೇಳಿದ್ರು, ನೀವು ಅದನ್ನೇ ಹಿಡ್ಕೊಂಡು...”

ಅತ್ತೆ ಅವನನ್ನೇ ನೋಡಿದರು. “ನಾನು ನಲವತ್ತು ವರ್ಷ ಉಪ್ಪು ಕದಡಿದೀನಿ ಅಳಿಯಂದ್ರೇ. ಕಾಯ್ತಿರೋದು ನೀವೊಬ್ರೇ ಅಂದ್ಕೊಂಡಿದ್ರಾ?”

ಇಷ್ಟು ವರ್ಷದಲ್ಲಿ ಡ್ರಮ್ಮಿನ ಪಕ್ಕ ಒಂದು ಮನುಷ್ಯಜೀವ ನಿಂತಿದೆ ಎಂದು ಒಮ್ಮೆಯೂ ಅನ್ನಿಸಿರಲಿಲ್ಲ, ಅದಕ್ಕೆ ಅವನಿಗೆ ನಾಚಿಕೆಯಾಯಿತು.

“ಮಾವಂಗೆ ಈ ಮೀನಿನ ವಿಷಯ ಗೊತ್ತಿತ್ತಾ?” ಎಂದು ಕೇಳಿದ.

“ಗೊತ್ತಿಲ್ದೆ ಹೇಳ್ತಾರಾ? ಮದುವೆಯಾದ ಹೊಸದ್ರಲ್ಲಿ ನನಗೇ ಮೊದಲು ಹೇಳಿದ್ದು. ನಾನು ನಂಬದೆ ನಕ್ಕೆ. ‘ನಗು ನಗು, ನಿಂಗೂ ಒಂದಿನ ಮೀಸೆ ಬರತ್ತೆ’ ಅಂದಿದ್ರು.” ಅತ್ತೆಯ ಕಣ್ಣು ತುಂಬಿತು. ಎದ್ದು ಮುಖ ತಿರುಗಿಸಿಕೊಂಡರು. “ನೀರು ಕಡಿಮೆ ಆಗಿದೆ, ಉಪ್ಪು ನಾನೇ ಬೆರೆಸ್ತೀನಿ. ನೀವು ಸ್ವಲ್ಪ ಹೊತ್ತು ಇಲ್ಲಿ ಕೂತ್ಕೊಳ್ಳಿ. ಕೂತ್ಕೊಳ್ರಿ, ಕಚ್ಚಲ್ಲ ಅದು.”

ಅವನು ಕೂತ. ಸ್ಪಂಜು ಒತ್ತಿತು. ಎಡಕ್ಕೆ ತಿರುಗಿದಾಗ ಕುರ್ಚಿ ಮಾವನಿಗೆ ಅಂದಂತೆಯೇ ಕಿರ್ರೆಂದಿತು. ಅಷ್ಟರಲ್ಲಿ ಅಪರಿಚಿತ ಗಿರಾಕಿಯೊಬ್ಬ ಒಳಗೆ ಬಂದು, ತೊಟ್ಟಿಗಳನ್ನೆಲ್ಲ ಒಮ್ಮೆ ನೋಡಿ, ನೇರ ಅವನ ಮುಖಕ್ಕೇ ಕೇಳಿದ: “ಯಜಮಾನ್ರೇ, ಕಡಲಕುದುರೆ ಇದೆಯಾ?”

ಅಳಿಯ ಬೆಂಕಿ ತಗುಲಿದವನ ಹಾಗೆ ಎದ್ದು ನಿಂತ.

“ಮಾವಾ!” ಎಂದು ಡ್ರಮ್ಮಿನ ಕಡೆ ತಿರುಗಿ ಕೂಗಿದ. “ನಿಮ್ಮನ್ನ ಕೇಳ್ತಿದಾರೆ.”

ಅತ್ತೆ ಒದ್ದೆ ಕೈಯ ಹಿಂಬದಿಯಿಂದ ಮೇಲ್ದುಟಿ ಒರೆಸಿಕೊಳ್ಳುತ್ತ ಬಂದರು.